ಅತ್ತೆಯ ಅಂಗೈಯ ಫೋಟೊ

ಹೊಸ ಟ್ಯಾಬಿನ ಮೇಲೆ ‘ವರ್ಗಾವಣೆ ಪೂರ್ಣಗೊಂಡಿದೆ’ ಎಂಬ ಸಾಲು ಮೂಡಿದಾಗ ಶನಿವಾರ ಮಧ್ಯಾಹ್ನದ ಎರಡು ಗಂಟೆ. ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮತ್ತು ನನ್ನ ತಮ್ಮನ ಮಗಳು ಇಬ್ಬರೇ ಇದ್ದೆವು. ಹಳೆಯ ಟ್ಯಾಬಿನ ಚಾರ್ಜರ್ ಸಿಕ್ಕಿಸುವ ತೂತು ಸಡಿಲವಾಗಿ ವರ್ಷವಾಗಿತ್ತು. ಪಿನ್ನನ್ನು ಎಡಕ್ಕೆ ಓರೆಯಾಗಿ ಒತ್ತಿ ಹಿಡಿದರೆ ಮಾತ್ರ ಅದು ಕರೆಂಟು ತೆಗೆದುಕೊಳ್ಳುತ್ತಿತ್ತು. ಎರಡು ತಾಸಿನಿಂದ ಅವಳು ಹಾಗೆಯೇ ಒತ್ತಿ ಹಿಡಿದು ಕೂತಿದ್ದಳು. ಹೆಬ್ಬೆರಳಿನ ತುದಿ ಬಿಳಿಚಿಕೊಂಡಿತ್ತು.

“ಬಂದೂವೇನ್ರಿ ದೊಡ್ಡಪ್ಪ?” ಎಂದಳು.

ಮೊದಲು ನಮ್ಮ ಮನೆತನದ ವಂಶಾವಳಿಯ ಕಡತ ತೆರೆದೆ. ಅದು ಬಂದಿತ್ತು. ಮುತ್ತಜ್ಜನಿಂದ ಹಿಡಿದು ಇವಳವರೆಗೆ ಎಲ್ಲರ ಹೆಸರು, ಹೆಣ್ಣು ಕೊಟ್ಟ ಊರು, ತಂದ ಊರು, ಒಂದೂ ಕದಲಿರಲಿಲ್ಲ. ಬೆರಳಿನಿಂದ ಬಲಕ್ಕೆ ಸರಿಸುತ್ತ ‘ಬೆಡಗು’ ಎಂದು ಬರೆದ ಕಡೆಗೆ ಬಂದೆ. ನಮ್ಮ ಮನೆಯ ಸಾಲಿನಲ್ಲಿ ಎರಡೇ ಪದಗಳಿದ್ದವು: ಫೋಟೊ ನೋಡಿ.

ಫೋಟೊಗಳನ್ನು ತೆರೆದೆ. ಕಾಲೇಜಿನ ವಾರ್ಷಿಕೋತ್ಸವ, ಹಿಪ್ಪರಗಿ ಬ್ಯಾರೇಜಿನ ನೀರು, ಹೆಂಡತಿಯ ತಂಗಿಯ ಮನೆಯ ವಾಸ್ತುಶಾಂತಿ, ಪರೀಕ್ಷೆಯ ವೇಳಾಪಟ್ಟಿ ಎಲ್ಲ ಇದ್ದವು. ಬೀಳಗಿಯಲ್ಲಿ ತೆಗೆದದ್ದು ಒಂದೂ ಇರಲಿಲ್ಲ. ಹಳೆಯ ಟ್ಯಾಬಿನಲ್ಲೇ ಹುಡುಕಿದೆ. ಅಲ್ಲಿಯೂ ಇರಲಿಲ್ಲ.

ಆ ಫೋಟೊದ ಮೇಲೆ ಈ ಹುಡುಗಿಯ ಲಗ್ನ ನಿಂತಿತ್ತು.

ಬೆಡಗು ಎಂದರೆ ನಮ್ಮ ಜನರಲ್ಲಿ ಮನೆತನದ ಮೂಲದ ಹೆಸರು. ಒಂದೇ ಬೆಡಗಿನವರು ಎಷ್ಟು ದೂರದ ಊರಿನವರಾದರೂ ಅಣ್ಣತಮ್ಮಂದಿರ ಲೆಕ್ಕ. ಅವರೊಳಗೆ ಕೊಡುವುದು ತರುವುದು ಇಲ್ಲ. ಉಳಿದ ದಿನಗಳಲ್ಲಿ ತಮ್ಮ ಬೆಡಗು ಯಾವುದೆಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ಲಗ್ನದ ಮಾತು ಎದ್ದಾಗ ಮಾತ್ರ ಹಿರಿಯರ ಹತ್ತಿರ ಓಡುತ್ತಾರೆ. ನಮ್ಮಲ್ಲಿ ಓಡಿಹೋಗಿ ಕೇಳುವಂಥ ಹಿರಿಯರು ಹೆಚ್ಚು ಉಳಿದಿರಲಿಲ್ಲ. ಇದನ್ನೆಲ್ಲ ಬರೆದಿಡುತ್ತಿದ್ದ, ನಮ್ಮ ಪೂಜೆ ಲಗ್ನ ಮಾಡಿಸುವ ಐನೋರ ಮನೆಯ ಹಳೆಯ ಪುಸ್ತಕ ಹೊಳೆ ಬಂದ ವರ್ಷ ನೀರುಪಾಲಾಗಿತ್ತು. ಉಳಿದವನು ನಾನು. ಐದಾರು ವರ್ಷ ಮುಧೋಳ, ಬೀಳಗಿ, ಬನಹಟ್ಟಿ ಎಂದು ತಿರುಗಿ ವಂಶಾವಳಿ ಮಾಡಿದವನು ನಾನೇ ಆದ್ದರಿಂದ ತಮ್ಮ ನನ್ನನ್ನು ಕೇಳಿದ್ದ.

ಹುಡುಗ ರಬಕವಿಯವನು. ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಇವಳು ಜಮಖಂಡಿಯ ದವಾಖಾನೆಯೊಂದರ ಲ್ಯಾಬಿನಲ್ಲಿ. ಇಬ್ಬರೂ ಬಿ.ಎಸ್‌ಸಿ.ಯಲ್ಲಿ ಒಂದೇ ತರಗತಿ. ಸಂಬಂಧ ಹಿರಿಯರು ಹುಡುಕಿದ್ದು ಎಂದೇ ಎರಡೂ ಮನೆಗಳಲ್ಲಿ ಹೇಳಲಾಗುತ್ತಿತ್ತು. ಯಾರು ಯಾರನ್ನು ಹುಡುಕಿಕೊಂಡರು ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೆದಕುತ್ತಿರಲಿಲ್ಲ.

ತಿಂಗಳ ಹಿಂದೆ ತಮ್ಮ ಬೆಡಗು ಕೇಳಿದಾಗ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆ ಹೇಳಿಬಿಟ್ಟೆ. ಎರಡೂ ಮನೆಯವರು ಇದೇ ಸೀಮೆಯಲ್ಲಿರುವುದರಿಂದ ಬೆಡಗಿನ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ಹೇಳಿದರೆ ಸಾಕು: ಎರಡು ಬೆಡಗುಗಳೂ ಒಂದೇ ದೇವರ ಹೆಸರಿನಿಂದ ಶುರುವಾಗುತ್ತವೆ. ಮುಂದೆ ಒಂದಕ್ಕೆ ಹೂವಿನ ಹೆಸರು ಸೇರುತ್ತದೆ, ಇನ್ನೊಂದಕ್ಕೆ ಕಾಳಿನ ಹೆಸರು. ಹುಡುಗನ ಮನೆಯದು ಕಾಳಿನ ಬೆಡಗು. ನಮ್ಮದು ಹೂವಿನದು ಎಂದು ನಾನು ಹೇಳಿದೆ. ಮಾತು ಮುಂದುವರಿಯಿತು.

ಗುರುವಾರ ಮುಧೋಳದಿಂದ ಕಾಕಾನ ಫೋನು ಬಂತು. ಅಪ್ಪನ ದಾಯಾದಿ ತಮ್ಮ, ಆ ತಲೆಮಾರಿನಲ್ಲಿ ಉಳಿದಿರುವ ಒಬ್ಬನೇ ಗಂಡಸು.

“ಏ ಮಾಸ್ತರ, ನಮ್ಮದು ಕಾಳಿಂದ ಐತಿ. ಅಣ್ಣ-ತಂಗಿ ಲಗ್ನಾ ಮಾಡಾಕ ಹೊಂಟೀರೇನು?”

ನನ್ನ ಹತ್ತಿರ ದಾಖಲೆ ಇದೆ ಎಂದೆ. ಹಾಗಾದರೆ ರವಿವಾರ ಹುಡುಗನ ಕಡೆಯವರು ಬಂದಾಗ ಎಲ್ಲರೆದುರು ಇಡು, ನಾನೂ ಬರುತ್ತೇನೆ ಎಂದು ಅವನು ಫೋನ್ ಇಟ್ಟ. ನನ್ನನ್ನು ತಮ್ಮನ ಹೆಸರಿನಿಂದಲೂ ತಮ್ಮನನ್ನು ನನ್ನ ಹೆಸರಿನಿಂದಲೂ ಕರೆಯುವ ಮನುಷ್ಯ ಅವನು. ಅವನ ನೆನಪಿಗಿಂತ ನನ್ನದು ಗಟ್ಟಿ ಎಂದುಕೊಂಡೆ.

ನನ್ನ ನೆನಪು ಹೀಗಿತ್ತು. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಬೀಳಗಿಗೆ ಕೊಟ್ಟವಳು. ತೀರಿಕೊಳ್ಳುವ ಎರಡು ವರ್ಷ ಮೊದಲು ಟ್ಯಾಬ್ ಹಿಡಿದು ಅವಳ ಹಿತ್ತಿಲ ಕಟ್ಟೆಯ ಮೇಲೆ ಕೂತು ತವರುಮನೆಯ ಬೆಡಗು ಯಾವುದೆಂದು ಕೇಳಿದೆ. ಅವಳು ನಕ್ಕಳು. ಬೆಡಗಿನ ಮೊದಲಿಗೆ ಬರುವ ದೇವರ ಹೆಸರೇ ಅವಳ ಗಂಡನ ಹೆಸರು. ಮಾವ ಹೋಗಿ ಹದಿನೈದು ವರ್ಷವಾಗಿದ್ದರೂ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ರೇಶನ್ ಅಂಗಡಿಯಲ್ಲಿ ಕೂಡ ಪಕ್ಕದವರಿಂದ ಹೇಳಿಸುತ್ತಿದ್ದವಳು. ಅರ್ಧ ಹೆಸರಾದರೂ ಹೇಳು ಎಂದೆ. ಬೆಡಗಿನ ಹೆಸರನ್ನು ಮುರಿದು ಹೇಳಬಾರದು ಎಂದಳು. ಆಮೇಲೆ “ಹೇಳಂಗಿಲ್ಲ, ತೋರಸ್ತೀನಿ, ತಡಿ” ಎಂದು ಒಳಗೆ ಹೋಗಿ ಬಂದು ಅಂಗೈ ಚಾಚಿದಳು. ಒದ್ದೆ ಅಂಗೈ, ನಡುವೆ ಒಂದು ಬಿಳಿ ಹೂವು, ಗಿಡ್ಡ ತೊಟ್ಟು, ಎಸಳಿನ ಮೇಲೆ ನೀರಿನ ಹನಿ.

ಆ ಹನಿ ಕೂಡ ನನಗೆ ಕಾಣುತ್ತಿತ್ತು.

ಆದರೂ ವಂಶಾವಳಿಯಲ್ಲಿ ನಾನು ಹೂವು ಎಂದು ಬರೆಯಲಿಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ನಮ್ಮ ಮೇಷ್ಟ್ರೊಬ್ಬರು ಕಂಡದ್ದನ್ನು ಇಟ್ಟುಕೊಳ್ಳಿ, ಅರ್ಥವನ್ನು ಆಮೇಲೆ ಬರೆಯಿರಿ ಎನ್ನುತ್ತಿದ್ದರು. ಅದನ್ನು ನಾನು ಅತಿಯಾಗಿ ಪಾಲಿಸಿದವನು. ಅಂಗೈಯ ಫೋಟೊ ತೆಗೆದೆ. ‘ಫೋಟೊ ನೋಡಿ’ ಎಂದು ಬರೆದೆ. ಒಂದು ಪದ ಬರೆದಿದ್ದರೆ ಮುಗಿಯುತ್ತಿತ್ತು.

ಎರಡನೇ ಸಲ ವರ್ಗಾಯಿಸಿದೆವು. ಅರ್ಧಕ್ಕೆ ಬಂದಾಗ ಅವಳ ಬೆರಳು ಜಾರಿ ಹಳೆಯದು ಆರಿತು. ಮತ್ತೆ ಮೊದಲಿನಿಂದ. ಈ ಸಲವೂ ಮುಗಿಯಿತು ಎಂದು ಬಂತು, ಈ ಸಲವೂ ಬೀಳಗಿ ಇರಲಿಲ್ಲ. ಅಳಿಸಿದ ಫೋಟೊಗಳ ಬುಟ್ಟಿ ನೋಡಿದೆವು, ಖಾಲಿ. ನನ್ನ ಮೇಲ್ ಖಾತೆಗೆ ಹೋಗಿ ಅಲ್ಲೇನಾದರೂ ಉಳಿದಿದೆಯೇ ನೋಡಿದೆವು. ನಾನು ಫೋಟೊಗಳನ್ನು ಅಲ್ಲಿ ಸೇರಿಸುವುದನ್ನು ಬಹಳ ಹಿಂದೆಯೇ ನಿಲ್ಲಿಸಿಬಿಟ್ಟಿದ್ದೆ. ಯಾರ್ಯಾರದೋ ಯಂತ್ರದಲ್ಲಿ ನನ್ನ ವಸ್ತು ಏಕೆ ಎಂಬ ಅನುಮಾನ ಆಗ.

ಐದೂವರೆಗೆ ತಮ್ಮ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ. ಚಪ್ಪಲಿ ಕಾಲಲ್ಲೇ ಇತ್ತು.

“ಅಣ್ಣಾ, ಫೋಟೊ ತಗದಿದ್ದಿ, ಖರೆ ಹೌದಲ್ಲೋ?”

ತೆಗೆದಿದ್ದೇನೆ ಎಂದೆ. ಹೇಳುವಾಗಲೇ ಒಳಗೊಂದು ಅನುಮಾನ ಎದ್ದಿತು. ತೆಗೆದಿದ್ದೆನೇ? ಅತ್ತೆಯ ಮನೆಗೆ ಮೂರು ಸಲ ಹೋಗಿದ್ದೆ. ಒಂದು ಸಲ ಟ್ಯಾಬ್ ಒಯ್ದಿರಲೇ ಇಲ್ಲ. ಹೂವು ಕಂಡದ್ದು ಆ ಸಲವೋ, ಇನ್ನೊಂದು ಸಲವೋ? ತರಗತಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ: ಕಣ್ಣಾರೆ ಕಂಡೆ ಎಂದು ಹೇಳುವವನ ಮಾತನ್ನು ಮೊದಲು ಪರೀಕ್ಷಿಸಿ. ಈಗ ಆ ಸಾಕ್ಷಿ ನಾನೇ ಆಗಿದ್ದೆ, ನನ್ನನ್ನು ನಾನು ನಂಬುವುದಕ್ಕೆ ಯಾವ ಕಾರಣವೂ ಕೈಗೆ ಸಿಗುತ್ತಿರಲಿಲ್ಲ. ತಮ್ಮ ಪೇಟೆಗೆ ಹೋದ. ರವಿವಾರದ ಅಡಿಗೆಗೆ ಸಾಮಾನು ತರುವುದಿತ್ತು.

ಹುಡುಗಿ ಅಷ್ಟರಲ್ಲಿ ಹಳೆಯ ಟ್ಯಾಬನ್ನು ಮಗುಚಿ ಅಂಚುಗಳನ್ನು ಉಗುರಿನಿಂದ ತಡವುತ್ತಿದ್ದಳು. ಲ್ಯಾಬಿನಲ್ಲಿ ಕೆಟ್ಟ ಯಂತ್ರವನ್ನೂ ಹೀಗೇ ನೋಡುತ್ತಾಳೇನೋ, ಗಡಿಬಿಡಿಯಿಲ್ಲದೆ. ರಟ್ಟಿನ ಕವಚ ಬಿಚ್ಚಿದಳು. ಅದರ ಅಡಿಯಲ್ಲಿ ಒಂದು ಸಣ್ಣ ಮುಚ್ಚಳವಿತ್ತು. ಸೀರೆಯ ಪಿನ್ನಿನಿಂದ ಅದನ್ನು ಎಬ್ಬಿಸಿದಳು.

“ದೊಡ್ಡಪ್ಪ, ಇದರಾಗ ಮೆಮೊರಿ ಕಾರ್ಡ್ ಐತಲ್ರಿ.”

ನಾನು ಕಾರ್ಡ್ ಹಾಕಿಲ್ಲ ಎಂದೆ. ಅವಳು ಅದನ್ನು ಹೊರತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನನಗೆ ತೋರಿಸಿದಳು. ಉಗುರಿನಷ್ಟು ಕಪ್ಪು ಚೂರು. ನಾನು ಹಾಕಿದ್ದಲ್ಲದಿದ್ದರೆ ಯಾರು ಹಾಕಿದ್ದು? ಟ್ಯಾಬನ್ನು ನಾನು ಬೇರೆಯವರ ಕೈಗೆ ಕೊಟ್ಟವನಲ್ಲ. ಒಂದು ಕಾರ್ಡು ಕೊಂಡದ್ದು, ಹಾಕಿದ್ದು, ಅದರಲ್ಲಿ ಫೋಟೊ ಕೂಡುವಂತೆ ಮಾಡಿದ್ದು, ಎಲ್ಲವೂ ನನ್ನ ತಲೆಯಿಂದ ಪೂರಾ ಅಳಿಸಿಹೋಗಿತ್ತು. ಅತ್ತೆಯ ಅಂಗೈಯ ಮೇಲಿನ ನೀರಿನ ಹನಿ ಮಾತ್ರ ಉಳಿದಿತ್ತು. ಇಂಥ ತಲೆಯನ್ನು ನಂಬಿ ನಾನು ಒಂದು ಲಗ್ನಕ್ಕೆ ಹೂಂ ಎಂದಿದ್ದೆ.

ಹೊಸ ಟ್ಯಾಬಿನಲ್ಲಿ ಕಾರ್ಡಿಗೆ ಜಾಗವೇ ಇಲ್ಲ. ಬೈಕಿನ ಮೇಲೆ ಅವಳನ್ನು ಕೂರಿಸಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ, ಈಗ ಕೂದಲು ನರೆತವನು. ಕಾರ್ಡನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಪರದೆಯ ಮೇಲೆ ಒಂದು ಚೌಕ ಬಂತು. ಈ ಕಾರ್ಡನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ಅದರಲ್ಲಿತ್ತು.

“ಕಾರ್ಡ್ ಕೆಟ್ಟೈತ್ರಿ ಸರ. ಫಾರ್ಮ್ಯಾಟ್ ಕೇಳಾಕತ್ತೈತಿ. ಒತ್ತಲ್ರಿ?”

ಅವನ ಬೆರಳು ಮೌಸಿನ ಮೇಲಿತ್ತು. ಅವನ ಹಿಂದೆ ಇನ್ನಿಬ್ಬರು ಗಿರಾಕಿಗಳು ಕಾಯುತ್ತಿದ್ದರು. ಒತ್ತಿದರೆ ಸರಿಹೋಗುತ್ತದೇನೋ ಎಂದು ನನಗೂ ಅನ್ನಿಸಿತು. ಇನ್ನೊಂದು ಮಾತೂ ಅನ್ನಿಸಿತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಒತ್ತಿದರೆ ಎಲ್ಲ ಅಳಿಯುತ್ತದೆ. ಅಳಿದರೆ ಉಳಿಯುವುದು ನನ್ನ ಮಾತು. ಕಾಕಾನ ಮಾತಿಗೆ ಎದುರಾಗಿ ನನ್ನ ಮಾತು ನಿಂತರೆ ಜನ ಮಾಸ್ತರನನ್ನೇ ನಂಬುತ್ತಾರೆ. ನನಗೆ ಬೆಡಗಿನಲ್ಲಿ ಎಳ್ಳಷ್ಟೂ ನಂಬಿಕೆ ಇಲ್ಲ. ಈ ಇಬ್ಬರಿಗೆ ಯಾವ ರಕ್ತಸಂಬಂಧವೂ ಇಲ್ಲ ಎಂಬುದು ನನಗೆ ಗೊತ್ತು. ಬಾಯಿ ತೆರೆಯದೆ ನಿಂತೆ.

“ಒತ್ತಬ್ಯಾಡ್ರಿ,” ಎಂದಳು ಹುಡುಗಿ. “ಕಾರ್ಡ್ ಕೊಡ್ರಿ ಇಲ್ಲೆ.”

ಅಂಗಡಿಯವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಕಾರ್ಡು ತೆಗೆದುಕೊಟ್ಟ.

ಹೊರಗೆ ಬೈಕಿನ ಹತ್ತಿರ ನಿಂತು ಅವಳು ತನ್ನ ಫೋನಿನಲ್ಲಿ ಏನೋ ಓದಿದಳು. ಕೆಲವು ಹಳೆಯ ಟ್ಯಾಬುಗಳು ಕಾರ್ಡನ್ನು ತಮ್ಮದೇ ಭಾಗದಂತೆ ಬೀಗ ಹಾಕಿ ಇಟ್ಟುಕೊಳ್ಳುತ್ತವಂತೆ. ಆ ಕಾರ್ಡು ಬೇರೆ ಯಾವ ಯಂತ್ರಕ್ಕೂ ಅರ್ಥವಾಗುವುದಿಲ್ಲ, ಅದು ತೆರೆಯುವುದು ಹಳೆಯದರಲ್ಲಿ ಮಾತ್ರ. ಹಾಗಿದ್ದರೆ ಹಳೆಯದೇ ಏಕೆ ತೋರಿಸುತ್ತಿಲ್ಲ ಎಂದು ಕೇಳಿದೆ. ಟ್ಯಾಬ್ ಎಂದಾದರೂ ಬಿದ್ದಿತ್ತೇ ಎಂದು ಅವಳು ಕೇಳಿದಳು. ಹೋದ ವರ್ಷ ಮೇಜಿನಿಂದ ಬಿದ್ದು ಗಾಜು ಒಡೆದಿತ್ತು. ಚಾರ್ಜರ್ ತೂತು ಸಡಿಲಾದದ್ದೂ ಆಗಲೇ. ಬಿದ್ದ ಪೆಟ್ಟಿಗೆ ಕಾರ್ಡೂ ಸರಿದಿರಬೇಕು ಎಂದಳು.

ನಾನು ಕಿಕ್ ಹೊಡೆಯಲು ಕಾಲೆತ್ತಿದಾಗ ಅವಳು ಬೈಕು ಹತ್ತಲಿಲ್ಲ.

“ಅಂಗಡ್ಯಾಗ ಸುಮ್ಮನ ಯಾಕ ನಿಂತ್ರಿ, ದೊಡ್ಡಪ್ಪ?”

ನಾನು ಕಾಲು ಕೆಳಗಿಟ್ಟೆ. ಅವಳೇ ಮಾತು ಮುಂದುವರಿಸಿದಳು, ದನಿ ಎತ್ತದೆ. “ನೀವು ಇದನ್ನೆಲ್ಲಾ ನಂಬಂಗಿಲ್ಲ. ನಾನೂ ನಂಬಂಗಿಲ್ರಿ. ಆದ್ರ ಅವರ ಅಜ್ಜಿ ನಂಬತಾರ. ಲಗ್ನ ಆದ ಮ್ಯಾಲ ಎಲ್ಲೆರ ಗೊತ್ತಾದ್ರ ಆ ಮನ್ಯಾಗ ಇರಾಕಿ ನಾನು. ಸುಳ್ಳ ಮ್ಯಾಲ ನನ್ನ ಕಳಸಬ್ಯಾಡ್ರಿ.”

ಬೈಕು ಹತ್ತಿ ಮನೆಗೆ ಬಂದೆವು.

ಕಾರ್ಡಿನ ಹಿತ್ತಾಳೆ ಬಣ್ಣದ ಗೆರೆಗಳನ್ನು ಅವಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ನಿಧಾನಕ್ಕೆ ಉಜ್ಜಿದಳು. ಮೆತ್ತನೆಯ ಬಟ್ಟೆಯಿಂದ ಒರೆಸಿ ಒಳಗೆ ತಳ್ಳಿದಳು. ಮುಚ್ಚಳದ ಕೆಳಗೆ ಮಡಿಸಿದ ಕಾಗದದ ಚೂರೊಂದನ್ನು ಇಟ್ಟು ಬಿಗಿ ಮಾಡಿದಳು. ಟ್ಯಾಬನ್ನು ಆರಿಸಿ ಮತ್ತೆ ಹೊತ್ತಿಸಿದೆವು. ಆರಿಸುವ ಮೊದಲು ಬ್ಯಾಟರಿ ಶೇಕಡಾ ಒಂಬತ್ತು ಅಂತ ತೋರಿಸಿತ್ತು. ಈಗ ಪಿನ್ ಒತ್ತಿ ಹಿಡಿಯುವ ಪಾಳಿ ನನ್ನದು. ಕೈ ನಡುಗಿದರೆ ಕರೆಂಟು ಹೋಗುತ್ತದೆ ಎಂದು ಮೊಣಕೈಯನ್ನು ನೆಲಕ್ಕೆ ಊರಿ ಕೂತೆ. ಹೆಂಡತಿ ಚಹಾ ತಂದಿಟ್ಟು ಹೋದಳು. ಚಹಾ ಆರಿತು.

ತೆರೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಮೇಲಿನ ಮೂಲೆಯಲ್ಲಿ ಕಾರ್ಡಿನ ಸಣ್ಣ ಗುರುತು ಬಂತು. ಫೋಟೊಗಳ ಪುಟದಲ್ಲಿ ಬೂದು ಚೌಕಗಳು ಮೂಡಿದವು. ಒಂದೊಂದೇ ಚೌಕಕ್ಕೆ ಬಣ್ಣ ತುಂಬುತ್ತಿತ್ತು. ಬನಹಟ್ಟಿಯ ಮಗ್ಗದ ಮನೆ. ಅಜ್ಜನ ಗದ್ದುಗೆ. ಬೀಳಗಿಯ ಹಿತ್ತಿಲು.

“ಸಿಕ್ಕಿತ್ರಿ,” ಎಂದು ಅವಳು ಬೆರಳಿಟ್ಟಳು.

ಅತ್ತೆಯ ಅಂಗೈ. ಒದ್ದೆ ಅಂಗೈಯೇ, ಆಗತಾನೆ ತೊಳೆದದ್ದು. ನಡುವೆ ಎಂಟು ಹತ್ತು ಕಾಳು.

ಹೂವೂ ಇತ್ತು. ಫೋಟೊದ ಎಡ ಮೂಲೆಯಲ್ಲಿ, ಕಟ್ಟೆಯ ಮೇಲೆ, ಪೂಜೆಗೆ ಬಿಡಿಸಿಟ್ಟ ಬಿಳಿ ಕಣಗಿಲೆಯ ಬುಟ್ಟಿ. ನನ್ನ ತಲೆ ಯಾವಾಗಲೋ ಅಲ್ಲಿಂದ ಒಂದು ಹೂವನ್ನು ಎತ್ತಿ ಅತ್ತೆಯ ಕೈಗೆ ಇಟ್ಟುಬಿಟ್ಟಿತ್ತು. ತೊಟ್ಟು, ಎಸಳು, ಹನಿ, ಎಲ್ಲ ಕೂಡಿಸಿ ಚಂದಾಗಿ ಇಟ್ಟಿತ್ತು.

ನಾನು ಪಿನ್ ಬಿಡಲಿಲ್ಲ. ಹುಡುಗಿ ತನ್ನ ಫೋನಿನಿಂದ ತೆರೆಯ ಮೇಲಿನ ಫೋಟೊದ ಫೋಟೊ ತೆಗೆದಳು, ಎರಡು ಸಲ. ಅದನ್ನು ಹೊಸ ಟ್ಯಾಬಿಗೆ ಕಳಿಸಿದಳು. ಮಧ್ಯಾಹ್ನದಿಂದ ಒದ್ದಾಡಿದ ಕೆಲಸ ಒಂದು ಕ್ಷಣದಲ್ಲಿ ಮುಗಿಯಿತು. ಅವಳು ಅಳಲಿಲ್ಲ. ಆರಿದ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗಿ ಬಹಳ ಹೊತ್ತು ನಳದ ಕೆಳಗೆ ತೊಳೆಯುತ್ತಿದ್ದಳು. ನೀರಿನ ಸಪ್ಪಳ ನಿಲ್ಲಲೇ ಇಲ್ಲ.

ರವಿವಾರ ಹತ್ತು ಗಂಟೆಗೆ ರಬಕವಿಯವರು ತಮ್ಮನ ಮನೆಗೆ ಬಂದರು. ಹುಡುಗ, ಅವನ ತಂದೆ ತಾಯಿ, ಅಜ್ಜಿ. ಮುಧೋಳದ ಕಾಕಾ ಅವರಿಗಿಂತ ಮೊದಲೇ ಬಂದು ಗೋಡೆಗೆ ಒರಗಿ ಕೂತಿದ್ದ. ಉಪ್ಪಿಟ್ಟಿನ ತಾಟುಗಳು ಬರುವ ಮೊದಲೇ ನಾನು ಮಾತು ತೆಗೆದೆ. ತಡ ಮಾಡಿದರೆ ನಾಲಿಗೆ ತಿರುಗುತ್ತದೆ ಎಂಬ ಹೆದರಿಕೆ. ನಾನು ಹೇಳಿದ್ದು ತಪ್ಪು, ನಮ್ಮದೂ ಕಾಳಿನ ಬೆಡಗು ಎಂದು ಹೇಳಿ ಹೊಸ ಟ್ಯಾಬನ್ನು ಅಜ್ಜಿಯ ಮುಂದೆ ಹಿಡಿದೆ. ಅತ್ತೆ ಬಾಯಿಂದ ಏಕೆ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಅಜ್ಜಿ ಅದರ ವಿವರ ಕೇಳಲಿಲ್ಲ, ಅವರಿಗೆ ಅದು ಸಹಜವಾಗಿತ್ತು. ಕನ್ನಡಕ ಏರಿಸಿ ಅಂಗೈಯನ್ನು ನೋಡಿದರು. ನನ್ನ ತಮ್ಮ ಯಾರ ಮುಖವನ್ನೂ ನೋಡದೆ ಚಾಪೆಯ ಅಂಚಿನ ದಾರ ಎಳೆಯುತ್ತಿದ್ದ. ಹುಡುಗಿ ಒಳಗಿನ ಬಾಗಿಲಿನ ಹತ್ತಿರ ನಿಂತಿದ್ದಳು. ಹುಡುಗ ತಲೆ ತಗ್ಗಿಸಿದ್ದ.

ಕಾಕಾ ಕೆಮ್ಮಿದ.

“ಮಾಸ್ತರ ಖರೆ ಹೇಳತಾನೋ ಇಲ್ಲೋ ಅಂತ ನೋಡಾಕ ಬಂದಿದ್ದೆ. ಹೇಳಿದ. ಇನ್ನ ಹಾದಿ ನೋಡೂಣು. ಈಕಿನ್ನ ಸೋದರಮಾವನ ಉಡಿಯಾಗ ಹಾಕ್ರಿ. ಅವನ ಬೆಡಗ ಬ್ಯಾರೆ. ಅವನ ಮಗಳಾಗಿ ನಿಮ್ಮ ಮನಿಗಿ ಬರತಾಳ.”

ಹಳೆಯ ರೂಢಿ ಅದು, ನಾನು ಕೇಳಿದ್ದೆ, ಕಂಡಿರಲಿಲ್ಲ. ಹುಡುಗಿಯನ್ನು ತಾಯಿಯ ಅಣ್ಣನಿಗೆ ದತ್ತು ಕೊಟ್ಟಂತೆ ಮಾಡುತ್ತಾರೆ. ಅವಳಿಗೆ ಅವನ ಬೆಡಗು ಬರುತ್ತದೆ. ಆಮೇಲೆ ಮಾವ ಮತ್ತು ಅವನ ಹೆಂಡತಿ ಮುಂದೆ ಕೂತು ಧಾರೆ ಎರೆದು ಕೊಡುತ್ತಾರೆ. ಗುರುವಾರವೇ ಕಾಕಾ ಇದನ್ನು ಯೋಚಿಸಿಯೇ ಫೋನ್ ಮಾಡಿದ್ದನಂತೆ. ನಾನು ದಾಖಲೆ ದಾಖಲೆ ಎಂದದ್ದಕ್ಕೆ ಸುಮ್ಮನಾಗಿದ್ದ.

ಅಜ್ಜಿ ಟ್ಯಾಬನ್ನು ನನಗೆ ಮರಳಿಸಿದರು. ತಮ್ಮ ಅತ್ತೆಯ ಕಾಲದಲ್ಲಿ ಹೀಗೆ ಒಂದು ಆಗಿತ್ತು, ಆ ಸೊಸೆ ಚಲೋ ಬಾಳಿದಳು ಎಂದರು. ನಂತರ ನನ್ನ ತಮ್ಮನ ಕಡೆಗೆ ತಿರುಗಿದರು.

“ನಮ್ಮದೇನ ಇಲ್ಲಪ್ಪ. ಕೊಡಾಂವ ನೀ. ನಿನಗ ಆಕ್ಕತೇನು?”

ಎಲ್ಲರೂ ಅವನನ್ನು ನೋಡಿದರು. ಇರುವುದು ಒಬ್ಬಳೇ ಮಗಳು. ಧಾರೆಯ ಮಣೆಯ ಮೇಲೆ ಅವನು ಕೂರುವಂತಿಲ್ಲ. ಲಗ್ನಪತ್ರಿಕೆಯಲ್ಲಿ ಮಗಳ ತಂದೆಯ ಜಾಗದಲ್ಲಿ ಹೆಂಡತಿಯ ಅಣ್ಣನ ಹೆಸರು ಬರುತ್ತದೆ. ತಮ್ಮ ಚಾಪೆಯ ದಾರವನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಬಾಗಿಲಿನ ಕಡೆ ನೋಡಿದ. ಹುಡುಗಿ ಅವನ ಕಣ್ಣು ತಪ್ಪಿಸಲಿಲ್ಲ.

“ಆಕ್ಕತ್ರಿ,” ಎಂದ.

ಒಳಗಿಂದ ಉಪ್ಪಿಟ್ಟು ಬಂತು.

ಅವರು ಹೋದ ಮೇಲೆ ತಮ್ಮ ಟ್ಯಾಬ್ ಕೇಳಿದ. ಕೊಟ್ಟೆ. ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ಅತ್ತೆಯ ಕೈಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಬದಿಗೆ ಸರಿಸಿ ಮೂಲೆಯ ಹೂವಿನ ಬುಟ್ಟಿಗೆ ಬಂದ. ಅಲ್ಲಿಯೂ ನಿಂತ.

“ಇದು ಸಿಗದಿದ್ರ ನಾನ ಕೂಡತಿದ್ದೆ ಮಣಿ ಮ್ಯಾಲ,” ಎಂದ. ಬೈಗುಳವೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ ಆ ದನಿಯಲ್ಲಿ.

ಹೌದು ಎಂದೆ.

ಮನೆಗೆ ಬಂದು ವಂಶಾವಳಿ ತೆರೆದೆ. ‘ಫೋಟೊ ನೋಡಿ’ ಎಂಬುದನ್ನು ಅಳಿಸಿ ಬೆಡಗಿನ ಪೂರ್ತಿ ಹೆಸರು ಬರೆದೆ. ಹುಡುಗಿಯ ಸಾಲಿನಲ್ಲಿ ಇನ್ನೇನು ಬರೆಯಬೇಕು ಎಂದು ತಿಳಿಯದೆ ಅದನ್ನು ಇದ್ದಂತೆಯೇ ಬಿಟ್ಟೆ. ಉಳಿದ ಸಾಲುಗಳನ್ನು ಓದುತ್ತ ಹೋದೆ. ಯಾರು ಯಾವ ಊರಿಗೆ ಹೋದರು, ಯಾರು ಯಾರಿಗಿಂತ ಹಿರಿಯರು. ಕೆಲವನ್ನು ಕೇಳಿ ಬರೆದಿದ್ದೆ, ಕೆಲವನ್ನು ಮನೆಗೆ ಬಂದ ಮೇಲೆ ನೆನಪಿನಿಂದ ಬರೆದಿದ್ದೆ. ಯಾವುದು ಯಾವುದೆಂದು ಗುರುತು ಹಾಕಿರಲಿಲ್ಲ. ಪಕ್ಕದಲ್ಲಿ ಹಳೆಯ ಟ್ಯಾಬ್ ಬಿದ್ದಿತ್ತು. ಅಂಗಡಿಗೆ ಕೊಟ್ಟು ಬಿಡೋಣ ಎಂದುಕೊಂಡಿದ್ದವನು ಅದರ ಪಿನ್ನನ್ನು ಎಡಕ್ಕೆ ಓರೆಯಾಗಿ ಒತ್ತಿ ಹಿಡಿದು, ಕಾರ್ಡಿನಲ್ಲಿ ಇನ್ನೇನೇನಿದೆ ಎಂದು ಮೊದಲ ಫೋಟೊದಿಂದ ನೋಡಲು ಕೂತೆ.